ಪೋಸ್ಟಿಂಗ್‌ಗೆ ಹೊರಟಿದ್ದೇನೆ, ಜೊತೆಗೆ ಯಾವ ಚಾಕು ಒಯ್ಯಲಿ?

ಬೈಲಹೊಂಗಲ ಹುಡುಗ

ಎಲ್ಲರಿಗೂ ನಮಸ್ಕಾರ. ಅಗ್ನಿವೀರ ಅಂತ ಸೇರಿದ್ದೆ. ಟ್ರೇನಿಂಗ್ ಮುಗಿದು ಪ್ರಮಾಣ ಮಾಡಿಸುವ ಕಸಂ ಪರೇಡ್ ಆಯಿತು, ಈಗ ರಜೆ ಮೇಲೆ ಮನೆಗೆ ಬಂದಿದ್ದೇನೆ. ಇನ್ನು ಹದಿನೆಂಟು ದಿನಕ್ಕೆ ಪಲ್ಟನ್‌ಗೆ ಹಾಜರಾಗಬೇಕು. ಚಳಿ ಜಾಸ್ತಿ ಇರುವ ಕಡೆ. (ಊರಿನ ಹೆಸರು ಬರೆದಿದ್ದೆ, ಕೆಳಗೆ ಹಿರಿಯರು ಹೇಳಿದ ಮೇಲೆ ತೆಗೆದಿದ್ದೇನೆ.)

ಜೊತೆಗೆ ಒಂದು ಚಾಕು ಬೇಕು. ನಮ್ಮ ಮಾಮಾ ಊರಿನ ಕಮ್ಮಾರರ ಹತ್ತಿರ ಲಾರಿ ಪಾಟಾ (ಸ್ಪ್ರಿಂಗ್ ಪಟ್ಟಿ) ಬಡಿಸಿ ಒಂದು ಚೂರಿ ಮಾಡಿಸಿಕೊಟ್ಟಿದ್ದಾರೆ. ಅಳೆದು ನೋಡಿದೆ, ಅಲಗು ಹತ್ತು ಇಂಚು, ತೂಕ ಮುಕ್ಕಾಲು ಕಿಲೋ ಹತ್ತಿರ, ಹಿಡಿಕೆ ಜಾಲಿ ಕಟ್ಟಿಗೆಯದು. ತುಂಬಾ ಚಂದ ಇದೆ. ಇನ್ನೊಂದು ಕಡೆ ಗೆಳೆಯ ಆನ್‌ಲೈನ್‌ನಲ್ಲಿ ಒಂದು ತೋರಿಸಿದ, ಬೆನ್ನಿಗೆ ಗರಗಸದ ಹಲ್ಲು, ಹಿಡಿಕೆಯೊಳಗೆ ಬೆಂಕಿಕಡ್ಡಿ ಇಡಲು ಜಾಗ, ತುದಿಯಲ್ಲಿ ದಿಕ್ಸೂಚಿ, ಬೆಲೆ 899. ಲೆದರ್‌ಮನ್ ಅಂತ ಇಕ್ಕಳ ಇರುವ ಟೂಲ್ ಕೂಡ ನೋಡಿದೆ, ಅದು ಹತ್ತು ಸಾವಿರ ದಾಟುತ್ತದೆ. ನನ್ನ ಹತ್ತಿರ ಇರುವುದು ಎರಡೂವರೆ ಸಾವಿರ. ಸರ್ವಿಸ್ ಮಾಡಿದವರು, ಮಾಡುತ್ತಿರುವವರು ದಯವಿಟ್ಟು ಹೇಳಿ. ಯಾವುದು ದಿನಾ ಉಪಯೋಗಕ್ಕೆ ಬರುತ್ತದೆ?

ಚಿಕ್ಕೋಡಿ ಹವಾಲ್ದಾರ (ನಿವೃತ್ತ)

ತಮ್ಮಾ, ಮೊದಲು ಅಭಿನಂದನೆ. ಎರಡನೇ ಮಾತು, ಎಲ್ಲಿಗೆ ಪೋಸ್ಟಿಂಗ್ ಅಂತ ಬರೆದಿದ್ದೀಯಲ್ಲ, ಅದನ್ನು ಈಗಲೇ ಅಳಿಸು. ಯೂನಿಟ್, ಊರು, ತಾರೀಖು ಎಲ್ಲಿಯೂ ಬರೆಯಬಾರದು. ಮನೆಯವರಿಗೂ ಹೇಳಿಡು.

ಈಗ ಚಾಕುವಿನ ಮಾತು. ಹದಿನೇಳು ವರ್ಷ ಕಾಲ್ದಳದಲ್ಲಿದ್ದೆ. ನಿನ್ನ ಪ್ರಶ್ನೆ ಓದಿ ನಿನ್ನೆ ರಾತ್ರಿ ಕೂತು ನೆನಪು ಮಾಡಿಕೊಂಡೆ, ಜೇಬಿನ ಚಾಕುವಿನಿಂದ ನಾನು ಅಷ್ಟು ವರ್ಷ ಏನೇನು ಕೊಯ್ದೆ ಅಂತ. ನೈಲಾನ್ ಹಗ್ಗ. ರೇಶನ್ ಪೊಟ್ಟಣ. ಹಾಲಿನ ಪುಡಿ ಡಬ್ಬಿ. ಮರಳು ಚೀಲದ ಬಾಯಿ ಕಟ್ಟುವ ಸುತಳಿ. ಟೆಂಟಿನ ಗೂಟದ ಮೊನೆ. ಮನೆಯಿಂದ ಬಂದ ಪಾರ್ಸಲ್‌ನ ಹೊಲಿಗೆ. ಉಳ್ಳಾಗಡ್ಡಿ, ಮತ್ತೆ ಉಳ್ಳಾಗಡ್ಡಿ. ಬೂಟಿನ ಹರಿದ ಲೇಸು. ಇವು ಬಿಟ್ಟರೆ ಏನೂ ನೆನಪಿಗೆ ಬರಲಿಲ್ಲ. ಶತ್ರುವಿಗೆ ಅಂತ ರೈಫಲ್ ಇದೆ, ಬಾಯ್ನೆಟ್ ಇದೆ, ಅದನ್ನು ಸರ್ಕಾರವೇ ಕೊಡುತ್ತದೆ, ಕಲಿಸುತ್ತದೆ. ನೀನು ದುಡ್ಡು ಕೊಟ್ಟು ತರುವುದು ಕೆಲಸದ ಚಾಕು. ಕುಡಗೋಲು ಹೇಗೋ ಹಾಗೆ.

ಹಾಗಾಗಿ ಮಾಮಾ ಕೊಟ್ಟ ಚೂರಿ ಮನೆಯಲ್ಲಿರಲಿ. ಪ್ರೀತಿಯಿಂದ ಮಾಡಿಸಿದ್ದಾರೆ, ಖಂಡೇನವಮಿ ದಿನ ಪೂಜೆಗೆ ಇಡಿ. ಮುಕ್ಕಾಲು ಕಿಲೋ ಅಂದರೆ ಬೆಟ್ಟ ಹತ್ತುವಾಗ ಮುಕ್ಕಾಲು ಲೀಟರ್ ನೀರು ತಮ್ಮಾ. ನೀರು ಬಿಟ್ಟು ಕಬ್ಬಿಣ ಹೊರುವುದು ಬೇಡ.

899ರದು ಮುಟ್ಟಲೇ ಬೇಡ. ನಮ್ಮ ಸಣ್ಣ ತುಕಡಿ, ಅಂದರೆ ಸೆಕ್ಷನ್‌ನಲ್ಲಿ ಒಬ್ಬ ಅಂಥದ್ದೇ ತಂದಿದ್ದ. ಗೂಟ ಸೀಳಲು ಹೋದಾಗ ಎರಡನೇ ಏಟಿಗೆ ಅಲಗು ಹಿಡಿಕೆಯಿಂದ ಕಿತ್ತು ಹಾರಿತು. ಪಕ್ಕದಲ್ಲಿ ಕೂತವನ ಕಿವಿಯ ಹತ್ತಿರ ಹೋಯಿತು. ಆವತ್ತು ನಾವು ಯಾರೂ ತುಂಬಾ ಹೊತ್ತು ಮಾತಾಡಲಿಲ್ಲ.

ಉದ್ಯಮಬಾಗ ಟರ್ನರ್

ಹವಾಲ್ದಾರ ಕಾಕಾ ಹೇಳಿದ್ದಕ್ಕೆ ಕಾರಣ ನಾನು ಹೇಳುತ್ತೇನೆ. ನಾನು ಬೆಳಗಾವಿ ಉದ್ಯಮಬಾಗದಲ್ಲಿ ಮೆಷಿನ್ ಶಾಪ್‌ನಲ್ಲಿದ್ದೇನೆ, ಕಬ್ಬಿಣದ ಜೊತೆಗೇ ದಿನ ಹೋಗುತ್ತದೆ.

ಚಾಕು ಕೊಳ್ಳುವಾಗ ಎಲ್ಲರೂ ಅಲಗು ನೋಡುತ್ತಾರೆ. ನೋಡಬೇಕಾದದ್ದು ಹಿಡಿಕೆಯೊಳಗೆ ಹೋಗುವ ಬಾಲ. ಹಿಡಿಕೆ ಟೊಳ್ಳಾಗಿದ್ದರೆ ಬಾಲ ಒಂದು ಇಂಚೂ ಇರುವುದಿಲ್ಲ, ಒಂದು ಬೋಲ್ಟ್ ಅಥವಾ ಸ್ವಲ್ಪ ವೆಲ್ಡಿಂಗ್ ಮೇಲೆ ಎಲ್ಲಾ ಭಾರ. ಹೊಡೆತ ಬಿದ್ದ ಕಡೆಯೇ ಮುರಿಯುತ್ತದೆ. ಬೆನ್ನಿನ ಗರಗಸದ ಹಲ್ಲು ಕಟ್ಟಿಗೆಯನ್ನು ಕೊಯ್ಯುವುದಿಲ್ಲ, ಸುಮ್ನೆ ಸಿಕ್ಕಿಕೊಳ್ಳುತ್ತದೆ, ಯಾಕೆಂದರೆ ಗರಗಸದ ಹಲ್ಲು ಎಡಕ್ಕೆ ಬಲಕ್ಕೆ ಬಾಗಿರಬೇಕು, ಇಲ್ಲಿ ಎಲ್ಲಾ ಒಂದೇ ಸಾಲಿನಲ್ಲಿರುತ್ತವೆ.

ಲಾರಿ ಪಾಟಾ ಮಾತ್ರ ಒಳ್ಳೆಯ ಉಕ್ಕು, ಅದಕ್ಕೆ ಹೆಸರಿಡಬೇಡಿ. ನಮ್ಮಲ್ಲಿ ಇಎನ್ 45 ಅಂತ ಕರೆಯುತ್ತೇವೆ. ಬಾಗುತ್ತದೆ, ಬೇಗ ಮುರಿಯುವುದಿಲ್ಲ. ಆದರೆ ಕಮ್ಮಾರರು ಕಣ್ಣಳತೆಯಲ್ಲಿ ಹದ ಹಾಕುತ್ತಾರೆ. ಪಳಗಿದ ಕೈ ಆದರೆ ಬಂಗಾರ, ಇಲ್ಲದಿದ್ದರೆ ಒಂದು ಕಡೆ ಗಟ್ಟಿ ಒಂದು ಕಡೆ ಮೆತ್ತಗೆ. ಇನ್ನೊಂದು, ಆ ಚೂರಿಯನ್ನು ಯಾರಾದರೂ ಗ್ರೈಂಡರ್ ಮೇಲೆ ಹಿಡಿದಿದ್ದಾರಾ ನೋಡು. ಅಂಚಿನಲ್ಲಿ ನವಿಲುಗರಿ ತರಹ ನೀಲಿ ಬಣ್ಣ ಕಂಡರೆ ಆ ಜಾಗ ಸುಮಾರು 300 ಡಿಗ್ರಿ ಕಾದಿದೆ ಅಂತ ಅರ್ಥ, ಅಲ್ಲಿ ಹದ ಹೋಗಿರುತ್ತದೆ, ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ಬೈಲಹೊಂಗಲ ಹುಡುಗ

ಅಣ್ಣಾ, ಈಗಲೇ ಎದ್ದು ಹೋಗಿ ನೋಡಿದೆ. ಮೊನೆಯ ಹತ್ತಿರ ಎರಡು ಬೆರಳಷ್ಟು ಜಾಗ ನೀಲಿ ಇದೆ. ಮಾಮಾನಿಗೆ ಹೇಳಲು ಮನಸ್ಸು ಬರುತ್ತಿಲ್ಲ.

ಉದ್ಯಮಬಾಗ ಟರ್ನರ್

ಹೇಳಬೇಡ. ಅಷ್ಟು ಭಾಗ ಮತ್ತೆ ಕಮ್ಮಾರರಿಂದಲೇ ಹದ ಹಾಕಿಸಬಹುದು. ಚೂರಿ ಹಾಳಾಗಿಲ್ಲ.

ಬಾಗಲಕೋಟೆ ವಕೀಲ

ಇಲ್ಲಿ ಯಾರೂ ಕಾನೂನಿನ ಮಾತು ಎತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗಿನ ನಿಯಮಗಳಲ್ಲಿ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧಗಳ ಪಟ್ಟಿಗೆ ಬರುತ್ತದೆ. ಮನೆಗೆಲಸಕ್ಕೆ, ಹೊಲದ ಕೆಲಸಕ್ಕೆ, ಕಾರ್ಖಾನೆಗೆ ಅಂತಲೇ ಮಾಡಿದ್ದಕ್ಕೆ ವಿನಾಯಿತಿ ಇದೆ, ಅದಕ್ಕೇ ಕಬ್ಬು ಕಡಿಯುವವರು ಕೊಯ್ತಾ ಹಿಡಿದು ಓಡಾಡಬಹುದು. ನಿಮ್ಮ ಮಾಮಾ ಮಾಡಿಸಿದ ಹತ್ತು ಇಂಚಿನದು ಆ ಸಾಲಿಗೆ ಸೇರುವುದಿಲ್ಲ. ಅದನ್ನು ಹಿಡಿದು ರೈಲು ಹತ್ತಬೇಡಿ.

ಬಟನ್ ಒತ್ತಿದರೆ ಚಟ್ ಅಂತ ತೆರೆಯುವ ಚಾಕು ಯಾವ ಕಾರಣಕ್ಕೂ ಬೇಡ. ಇಲ್ಲಿಂದ ಗೋವಾ ಎಕ್ಸ್‌ಪ್ರೆಸ್ ಹಿಡಿದು ದೆಹಲಿಗೆ ಇಳಿದು ಮುಂದೆ ಹೋಗುವವರೇ ಜಾಸ್ತಿ ಅಲ್ವಾ? ದೆಹಲಿಯಲ್ಲಿ 1980ರ ಒಂದು ಅಧಿಸೂಚನೆ ಇದೆ, ಬಟನ್ ಅಥವಾ ಸ್ಪ್ರಿಂಗ್ ಇರುವ ಚಾಕುವಿನ ಅಲಗು 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ ಮುಟ್ಟಿದರೆ ಕೇಸು ಬೀಳಬಹುದು. ಸೈನಿಕ ಅಂತ ಗುರುತಿನ ಚೀಟಿ ತೋರಿಸಿದರೂ ಅಲ್ಲಿ ನಿಂತು ಉತ್ತರ ಹೇಳಬೇಕಾಗುತ್ತದೆ. ಸಾಂಬ್ರಾದಿಂದ ವಿಮಾನದಲ್ಲಿ ಹೋಗುವುದಾದರೆ ಚಾಕು ಕೈಚೀಲದಲ್ಲಿ ಬೇಡ, ಚೆಕ್‌ಇನ್ ಬ್ಯಾಗ್‌ಗೆ ಹಾಕಿ. ಚುನಾವಣೆ, ಗಲಾಟೆ ಸಮಯದಲ್ಲಿ ನಿಷೇಧಾಜ್ಞೆ ಇದ್ದರೆ ಸಣ್ಣದನ್ನೂ ಜೇಬಿನಲ್ಲಿಟ್ಟು ಪೇಟೆ ತಿರುಗಬೇಡಿ.

ಜಮಖಂಡಿ ಸಿಗ್ನಲ್ಸ್

ನಾನು ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲಿದ್ದೇನೆ, ಇನ್ನೂ ಸರ್ವಿಸ್‌ನಲ್ಲೇ. ನನ್ನ ಅನುಭವ ಸ್ವಲ್ಪ ಬೇರೆ. ನಮಗೆ ಅಲಗಿಗಿಂತ ಇಕ್ಕಳ ಮುಖ್ಯ. ವೈರ್ ಕತ್ತರಿಸು, ಸಿಪ್ಪೆ ಸುಲಿ, ಸ್ಕ್ರೂ ಬಿಗಿ ಮಾಡು, ಇದೇ ಕೆಲಸ. ಲೆದರ್‌ಮನ್ ತರಹದ ಟೂಲ್ ನನ್ನ ಬೆಲ್ಟಿನಲ್ಲಿ ಆರು ವರ್ಷದಿಂದ ಇದೆ, ಒಂದು ದಿನವೂ ಖಾಲಿ ಕೂತಿಲ್ಲ. ಅಮೆರಿಕದ ಟಿಮ್ ಲೆದರ್‌ಮನ್ ಅನ್ನುವವರು ಹಳೇ ಕಾರಿನಲ್ಲಿ ಯುರೋಪ್ ಸುತ್ತುವಾಗ ಇಕ್ಕಳ ಇಲ್ಲದೆ ಪರದಾಡಿ, ಇಕ್ಕಳ ಇರುವ ಚಾಕು ಮಾಡಬೇಕು ಅಂತ ಹೊರಟವರು. 1983ರಲ್ಲಿ ಮೊದಲನೆಯದು ಮಾರುಕಟ್ಟೆಗೆ ಬಂತು.

ಆದರೆ ತಮ್ಮಾ, ನೀನು ಕಾಲ್ದಳ. ಹತ್ತು ಸಾವಿರ ಹಾಕಬೇಡ. ಅದರ ತೂಕ ಕಾಲು ಕಿಲೋ ಹತ್ತಿರ ಹೋಗುತ್ತದೆ. ಮೊದಲ ವರ್ಷ ಮುಗಿಯಲಿ, ನಿನ್ನನ್ನು ಯಾವ ಕೆಲಸಕ್ಕೆ ಹಾಕುತ್ತಾರೆ ಗೊತ್ತಾಗಲಿ. ಡ್ರೈವರ್ ಆದರೆ, ಮಾರ್ಟರ್‌ಗೆ ಹೋದರೆ, ಬೇಕಾಗುವುದೇ ಬೇರೆ.

ಈಗ ನಿನ್ನ ದುಡ್ಡಿಗೆ ಸ್ವಿಸ್ ಚಾಕು ಸರಿ. ಅದು ಹುಟ್ಟಿದ್ದೇ ಸಿಪಾಯಿಗೆ ಅಂತ. ಸ್ವಿಟ್ಜರ್ಲೆಂಡ್ ಸೇನೆಗೆ ಹೊಸ ರೈಫಲ್ ಬಂದಿತ್ತು, ಅದನ್ನು ಬಿಚ್ಚಲು ಸ್ಕ್ರೂಡ್ರೈವರ್ ಬೇಕು, ಡಬ್ಬಿ ಊಟ ತೆರೆಯಲು ಓಪನರ್ ಬೇಕು, ಎಲ್ಲಾ ಒಂದರಲ್ಲೇ ಇರಲಿ ಅಂತ ಮಾಡಿಸಿದರು. ಮೊದಲ ಕಂತು ಜರ್ಮನಿಯ ಝೋಲಿಂಗನ್ ಊರಿನಲ್ಲಿ ತಯಾರಾಯಿತು. 1891ರಲ್ಲಿ ಕಾರ್ಲ್ ಎಲ್ಸೆನರ್ ಅನ್ನುವ ಸ್ವಿಸ್ ಚಾಕುಗಾರ ನಮ್ಮ ದೇಶದಲ್ಲೇ ಮಾಡೋಣ ಅಂತ ನಿಂತ. ಆ ಅಂಗಡಿಯೇ ಇವತ್ತಿನ ವಿಕ್ಟೋರಿನಾಕ್ಸ್. ಪಯೋನಿಯರ್ ಅಂತ ಒಂದಿದೆ, ಅಲ್ಯೂಮಿನಿಯಂ ಹಿಡಿಕೆ, 93 ಮಿಲಿಮೀಟರ್. ಒಂದು ಅಲಗು, ಡಬ್ಬಿ ಓಪನರ್, ಬಾಟಲ್ ಓಪನರ್, ದಬ್ಬಣ. ಅಷ್ಟೇ. ಅಷ್ಟೇ ಸಾಕು. ಆ ದಬ್ಬಣದಿಂದ ನಾನು ಎಷ್ಟು ಬೆಲ್ಟಿಗೆ ತೂತು ಹಾಕಿಕೊಟ್ಟಿದ್ದೇನೋ ಲೆಕ್ಕವಿಲ್ಲ.

ಅಥಣಿ ರೈಫಲ್‌ಮನ್

ಎಲ್ಲರೂ ಮಡಚುವ ಚಾಕು ಅನ್ನುತ್ತಿದ್ದೀರಿ, ನಾನು ಒಪ್ಪುವುದಿಲ್ಲ. ನಾಲ್ಕು ವರ್ಷ ಈಶಾನ್ಯದ ಕಾಡಿನಲ್ಲಿದ್ದೆ. ಅಲ್ಲಿ ಎಲ್ಲದಕ್ಕೂ ಬಿದಿರು. ಮಲಗಲು ಮಂಚ, ನೀರು ಕುದಿಸಲು ಒಲೆ ಕಟ್ಟೆ, ಗುಡಿಸಲಿಗೆ ಕಂಬ. ಮಡಚುವ ಚಾಕುವಿನಿಂದ ಬಿದಿರು ಸೀಳಲು ಹೋದರೆ ಕೀಲು ಸಡಿಲಾಗುತ್ತದೆ. ಮಳೆ ಬಂದರೆ ಕೆಸರು ಒಳಗೆ ಕೂತು ತೆರೆಯುವುದೇ ಇಲ್ಲ. ಒರೆಯಿಂದ ಎಳೆಯುವ ನಾಲ್ಕು ಇಂಚಿನ ಚಾಕು ಇದ್ದರೆ ತೊಳೆದು ಒರೆಸಿದರೆ ಮುಗಿಯಿತು. ಸ್ವೀಡನ್‌ನ ಮೋರಾ ಅಂಥದ್ದು, ತೂಕ ನೂರು ಗ್ರಾಂ ಆಸುಪಾಸು, ಹಿಡಿಕೆ ಪ್ಲಾಸ್ಟಿಕ್ ಮತ್ತು ರಬ್ಬರ್, ಚಳಿಯಲ್ಲಿ ಕೈಗೆ ಅಂಟುವುದಿಲ್ಲ. ಗ್ಲೌಸ್ ಹಾಕಿಕೊಂಡೇ ಎಳೆಯಬಹುದು. ತಮ್ಮಾ, ನೀನು ಚಳಿಯ ಕಡೆ ಹೋಗುವವನು, ಯೋಚನೆ ಮಾಡು.

ಚಿಕ್ಕೋಡಿ ಹವಾಲ್ದಾರ (ನಿವೃತ್ತ)

ಅಥಣಿಯ ತಮ್ಮ ಹೇಳಿದ್ದರಲ್ಲಿ ಹುರುಳಿದೆ. ಗ್ಲೌಸ್ ಮಾತು ನೂರಕ್ಕೆ ನೂರು ನಿಜ. ನಾನೇ ಅನುಭವಿಸಿದ್ದೇನೆ, ಬರೆಯುತ್ತೇನೆ.

ಎತ್ತರದ ಒಂದು ಪೋಸ್ಟ್‌ನಲ್ಲಿದ್ದೆವು. ಬೆಳಗಿನ ಜಾವ ಸಂತ್ರಿ (ಕಾವಲು) ಡ್ಯೂಟಿ ಮುಗಿಸಿ ಬಂದು ಸೀಮೆಎಣ್ಣೆ ಜೆರ್ರಿಕ್ಯಾನ್‌ಗೆ ಬಿಗಿದ ಹಗ್ಗ ಬಿಚ್ಚಬೇಕಿತ್ತು. ಗಂಟು ಹಿಮ ಕಟ್ಟಿ ಕಲ್ಲಾಗಿತ್ತು. ಜೇಬಿನಿಂದ ಚಾಕು ತೆಗೆದೆ. ಉಗುರು ಇಟ್ಟು ತೆರೆಯುವ ಸಣ್ಣ ಗೆರೆ ಇರುತ್ತದಲ್ಲ, ಗ್ಲೌಸ್‌ನಲ್ಲಿ ಅದು ಸಿಗಲೇ ಇಲ್ಲ. ಹಲ್ಲಿನಿಂದ ಎಳೆಯೋಣ ಅಂದುಕೊಂಡೆ, ಉಸ್ತಾದ್ ಕೂಗಿದರು, ಅಷ್ಟು ಚಳಿಯಲ್ಲಿ ತುಟಿಗೆ ಕಬ್ಬಿಣ ತಾಗಿಸಿದರೆ ಚರ್ಮ ಬರುತ್ತದೆ ಅಂತ. ಗ್ಲೌಸ್ ತೆಗೆದೆ. ತೆರೆಯಿತಾ? ಇಲ್ಲ. ಮನೆಯಿಂದ ಬಂದ ಕೊಬ್ಬರಿ ಎಣ್ಣೆಯನ್ನು ಕೀಲಿಗೆ ಬಿಟ್ಟಿದ್ದೆ. ಅದು 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ, ನಮ್ಮ ಬೆಳಗಾವಿ ಚಳಿಗೇ ಡಬ್ಬಿಯಲ್ಲಿ ಬೆಳ್ಳಗೆ ಕೂರುತ್ತದೆ. ಅಲ್ಲಿ ಕೀಲಿನೊಳಗೆ ಮೇಣ ಆಗಿ ಕೂತಿತ್ತು. ಬೆರಳ ತುದಿಗಳು ಎರಡು ದಿನ ಮರಗಟ್ಟಿದ ಹಾಗೆ ಇದ್ದವು. ಅವತ್ತಿನಿಂದ ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟು ಬೇರೆ ಹಾಕಿಲ್ಲ. ಒಂದೇ ಹನಿ, ಹಾಕಿ ನಾಲ್ಕು ಸಲ ತೆರೆದು ಮುಚ್ಚಿ, ಹೆಚ್ಚಾದದ್ದನ್ನು ಒರೆಸಬೇಕು. ಇಲ್ಲದಿದ್ದರೆ ಧೂಳು ಹಿಡಿಯುತ್ತದೆ.

ಆದರೂ ನಾನು ಮಡಚುವುದನ್ನೇ ಹೇಳುತ್ತೇನೆ, ಕಾರಣ ಇದೆ. ಬಿದಿರು ಕಡಿಯಲು, ಗಿಡ ಸವರಲು ಪಲ್ಟನ್‌ನಲ್ಲಿ ದಾವ್ ಅನ್ನುವ ಮಚ್ಚು, ಕೊಡಲಿ ಇರುತ್ತವೆ. ಸ್ಟೋರ್‌ನಿಂದ ಸಿಗುತ್ತವೆ. ಗೂರ್ಖಾ ಜವಾನರ ಖುಕ್ರಿ ಎಲ್ಲರಿಗೂ ಗೊತ್ತು. ಆದರೆ ಅದರ ಒರೆಯ ಹಿಂದೆ ಇನ್ನೆರಡು ಪುಟ್ಟ ಅಲಗು ಸಿಕ್ಕಿಸಿರುತ್ತಾರೆ, ಎಷ್ಟು ಜನ ನೋಡಿದ್ದೀರಿ? ಒಂದು ಕರ್ದಾ, ಬೆರಳಷ್ಟು ಉದ್ದದ ಹರಿತ ಚಾಕು. ಇನ್ನೊಂದು ಚಕಮಕ್, ಮೊಂಡು, ಮಸೆಯಲು ಮತ್ತು ಕಿಡಿ ಹೊಡೆಯಲು. ಒಬ್ಬ ಗೂರ್ಖಾ ಗೆಳೆಯ ನನ್ನ ಮುಂದೆ ಕೂತು ಸೇಬು ಸುಲಿದದ್ದು ಕರ್ದಾದಿಂದಲೇ. ಅಷ್ಟು ದೊಡ್ಡ ಖುಕ್ರಿ ಸೊಂಟದಲ್ಲಿದ್ದವನಿಗೂ ಸಣ್ಣದು ಬೇಕಾಯಿತು.

ಜೇಬಿನಲ್ಲಿರುವ ಚಾಕು ಯಾವಾಗಲೂ ಇರುತ್ತದೆ. ಬೆಲ್ಟಿಗೆ ಕಟ್ಟಿದ್ದು ಬ್ಯಾರಕ್‌ನಲ್ಲಿ ಉಳಿಯುತ್ತದೆ, ಇನ್‌ಸ್ಪೆಕ್ಷನ್ ದಿನ ಬಿಚ್ಚಿಡಬೇಕು, ಆಮೇಲೆ ಮರೆತುಹೋಗುತ್ತದೆ.

ಅಥಣಿ ರೈಫಲ್‌ಮನ್

ಕಾಕಾ, ನಿಮ್ಮ ಮಾತಿಗೆ ಮರ್ಯಾದೆ ಇದೆ. ಆದರೆ ದಾವ್ ಇಡೀ ಸೆಕ್ಷನ್‌ಗೆ ಒಂದೋ ಎರಡೋ. ನಾನು ಇವತ್ತಿಗೂ ಒರೆಯ ಚಾಕುವೇ ಇಟ್ಟುಕೊಳ್ಳುತ್ತೇನೆ.

ವಿಜಯಪುರ ಸಿಸ್ಟರ್

ನಾನು ಸೈನ್ಯದವಳಲ್ಲ, ಸರ್ಜರಿ ವಾರ್ಡಿನ ನರ್ಸ್. ಆದರೆ ಚಾಕು ಮಾಡುವ ಗಾಯ ದಿನಾ ನೋಡುತ್ತೇನೆ, ಅದಕ್ಕೆ ಬರೆಯಬೇಕು ಅನ್ನಿಸಿತು.

ಹೋದ ವರ್ಷ ದ್ರಾಕ್ಷಿ ತೋಟದ ಒಬ್ಬ ಹುಡುಗ ಬಂದಿದ್ದ, ಇಪ್ಪತ್ತರ ಒಳಗಿನ ವಯಸ್ಸು. ಡ್ರಿಪ್ ಪೈಪಿಗೆ ಮಡಚುವ ಚಾಕುವಿನ ಮೊನೆ ಒತ್ತಿ ತೂತು ಮಾಡುತ್ತಿದ್ದ. ಅದಕ್ಕೆ ಲಾಕ್ ಇರಲಿಲ್ಲ. ಮೊನೆ ಜಾರಿ ಅಲಗು ಅವನ ತೋರುಬೆರಳಿನ ಮೇಲೆಯೇ ಮಡಚಿಕೊಂಡಿತು. ಗಾಯ ನೋಡಲು ಒಂದು ಇಂಚೂ ಇರಲಿಲ್ಲ, ಆದರೆ ಬೆರಳು ಮಡಚುವ ಸ್ನಾಯುರಜ್ಜು (ಟೆಂಡನ್) ತುಂಡಾಗಿತ್ತು. ಆಪರೇಷನ್ ಆಯಿತು. ಇನ್ನೂ ಬೆರಳು ಪೂರ್ತಿ ಮಡಚುವುದಿಲ್ಲ. ಸೈನ್ಯಕ್ಕೆ ಹೋಗುವವನಿಗೆ ಆ ಬೆರಳು ಎಷ್ಟು ಮುಖ್ಯ ಅಂತ ನಾನು ಹೇಳಬೇಕಾ ತಮ್ಮಾ?

ಲಾಕ್ ಇಲ್ಲದ ಚಾಕುವಿನಿಂದ ಕೊಯ್ಯಬಹುದು, ಚುಚ್ಚಬಾರದು. ತೂತು ಮಾಡಬೇಕಾದರೆ ಆ ಸಿಗ್ನಲ್ಸ್ ಅಣ್ಣ ಹೇಳಿದ ದಬ್ಬಣ ಬಳಸು, ಅದೂ ನಿನ್ನ ಕಡೆಗಲ್ಲ, ಹೊರಗಡೆಗೆ. ಮೊಂಡು ಚಾಕು ಇನ್ನೂ ಅಪಾಯ. ಕೊಯ್ಯುವುದಿಲ್ಲ ಅಂತ ಜೋರು ಹಾಕುತ್ತೀರಿ, ಆಗಲೇ ಜಾರುವುದು. ಪೆಟ್ಟಾದರೆ ಅರಿಶಿನ, ಕಾಫಿ ಪುಡಿ ಹಾಕಬೇಡಿ. ಸ್ವಚ್ಛ ಬಟ್ಟೆ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಡುವೆ ಎತ್ತಿ ನೋಡಬೇಡಿ. ಧನುರ್ವಾಯು ತಡೆಯುವ ಇಂಜೆಕ್ಷನ್ ಯಾವಾಗ ಆಗಿದೆ ಅಂತ ಬರೆದಿಟ್ಟುಕೊಳ್ಳಿ.

ಇನ್ನೊಂದು. ಪಕ್ಕದವನಿಗೆ ಗುಂಡೋ ಚೂರೋ ತಾಗಿ ಅವನ ಬಟ್ಟೆ ಕತ್ತರಿಸಬೇಕಾದರೆ ಚಾಕು ಬೇಡವೇ ಬೇಡ. ಅವನೂ ನಡುಗುತ್ತಿರುತ್ತಾನೆ, ನಿನ್ನ ಕೈಯೂ ನಡುಗುತ್ತಿರುತ್ತದೆ. ಮೊನೆ ಮೊಂಡಾಗಿರುವ, ಮೊಣಕೈ ತರಹ ಬಾಗಿದ ಬ್ಯಾಂಡೇಜ್ ಕತ್ತರಿ ಬರುತ್ತದೆ. ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ, ಚಾಕುವಿಗಿಂತ ಅಗ್ಗ. ಬೂಟು, ಬೆಲ್ಟು, ದಪ್ಪ ಜಾಕೆಟ್ ಎಲ್ಲಾ ಕತ್ತರಿಸುತ್ತದೆ, ಚರ್ಮಕ್ಕೆ ತಾಗುವುದಿಲ್ಲ. ಅದನ್ನು ಮರೆಯದೆ ಕೊಂಡುಕೋ.

ಚಿಕ್ಕೋಡಿ ಹವಾಲ್ದಾರ (ನಿವೃತ್ತ)

ಸಿಸ್ಟರ್ ಅವರೇ, ನೀವು ಹೇಳಿದ ಕತ್ತರಿ ನಮ್ಮ ಕಾಲದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಹತ್ತಿರ ಮಾತ್ರ ಇರುತ್ತಿತ್ತು. ನಾನು ಒಂದು ಸಲ ಗೆಳೆಯನ ಪ್ಯಾಂಟನ್ನು ಚಾಕುವಿನಿಂದ ಸೀಳಿದ್ದೇನೆ. ಅವನ ತೊಡೆಯ ಮೇಲೆ ನಾನು ಮಾಡಿದ ಗೆರೆ ಇವತ್ತಿಗೂ ಇದೆ. ಅವನು ಏನೂ ಅನ್ನಲಿಲ್ಲ. ಆ ಕತ್ತರಿ ಪ್ರತಿಯೊಬ್ಬ ಹುಡುಗನ ಹತ್ತಿರ ಇರಬೇಕು.

ಬೈಲಹೊಂಗಲ ಹುಡುಗ

ನಿನ್ನೆ ಬೆಳಗಾವಿಗೆ ಹೋಗಿದ್ದೆ. ಎಲ್ಲರಿಗೂ ಉಪಯೋಗ ಆಗಲಿ ಅಂತ ಪೂರ್ತಿ ಬರೆಯುತ್ತೇನೆ.

ಮೊದಲು ಹೋದ ಅಂಗಡಿಯಲ್ಲಿ ಸ್ವಿಸ್ ಚಾಕು ಅಂತ 450ಕ್ಕೆ ಕೊಡಲು ಬಂದರು. ಕೆಂಪು ಹಿಡಿಕೆ, ಶಿಲುಬೆ ಗುರುತು ಎಲ್ಲಾ ಇತ್ತು. ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದೆ. ಎರಡು ಪದರದ ನಡುವೆ ಬೆಳಕು ಕಾಣುತ್ತಿತ್ತು. ಅಲಗು ತೆರೆದು ಮೆಲ್ಲಗೆ ಅಲ್ಲಾಡಿಸಿದರೆ ಎಡಕ್ಕೆ ಬಲಕ್ಕೆ ಆಡುತ್ತಿತ್ತು. ಅಲಗಿನ ಬುಡದಲ್ಲಿ ಏನೂ ಕೊರೆದಿರಲಿಲ್ಲ. ಬೇಡ ಅಂತ ಇಟ್ಟು ಬಂದೆ. ಆಮೇಲೆ ಕ್ಯಾಂಪ್ ಕಡೆ ಇನ್ನೊಂದು ಅಂಗಡಿ. ಅವರ ಹತ್ತಿರ ಪಯೋನಿಯರ್ ಇತ್ತು. ಅಲಗಿನ ಬುಡದಲ್ಲಿ ವಿಕ್ಟೋರಿನಾಕ್ಸ್ ಅಂತ ಸಣ್ಣ ಅಕ್ಷರದಲ್ಲಿ ಸ್ಪಷ್ಟವಾಗಿ ಕೊರೆದಿತ್ತು. ತೆರೆದರೆ ಟಕ್, ಮುಚ್ಚಿದರೆ ಟಕ್. ಅಲ್ಲಾಡುವುದೇ ಇಲ್ಲ. ಬಜೆಟ್ ಸ್ವಲ್ಪ ದಾಟಿತು, ಅವ್ವ ಸೇರಿಸಿ ಕೊಟ್ಟಳು. ಬ್ಯಾಂಡೇಜ್ ಕತ್ತರಿಯೂ ತಂದೆ ಅಕ್ಕಾ.

ಅಥಣಿ ಅಣ್ಣಾ, ಮೋರಾ ಇಲ್ಲಿ ಸಿಗಲಿಲ್ಲ. ಮುಂದಿನ ರಜೆಗೆ ನೋಡುತ್ತೇನೆ. ಈಗ ಎರಡು ಪ್ರಶ್ನೆ. ಮಸೆಯುವುದು ಹೇಗೆ, ಅಲ್ಲಿ ಸಾಣೆಕಲ್ಲು ಸಿಗುತ್ತದಾ? ಮತ್ತೆ ಗ್ಲೌಸ್‌ನಲ್ಲಿ ತೆರೆಯುವುದಕ್ಕೆ ಏನು ಮಾಡಲಿ?

ಉದ್ಯಮಬಾಗ ಟರ್ನರ್

ಆ ಅಲಗಿನ ಗಟ್ಟಿತನ ರಾಕ್‌ವೆಲ್ ಲೆಕ್ಕದಲ್ಲಿ 56ರ ಹತ್ತಿರ. ಬಹಳ ಗಟ್ಟಿ ಅಲ್ಲ. ಬೇಗ ಮೊಂಡಾಗುತ್ತದೆ, ಆದರೆ ಐದು ನಿಮಿಷದಲ್ಲಿ ಮತ್ತೆ ಹರಿತ ಮಾಡಬಹುದು. ಅಲ್ಲಿ ನಿನಗೆ ಬೇಕಾದದ್ದೂ ಅದೇ.

ಕಲ್ಲು ಇಲ್ಲದಿದ್ದರೆ ಪಿಂಗಾಣಿ ಚಹಾ ಕಪ್ಪು ಬೋರಲು ಹಾಕು. ತಳದಲ್ಲಿ ಹೊಳಪಿಲ್ಲದ ಒರಟು ಬಳೆ ಇರುತ್ತದೆ, ಅದೇ ಸಾಣೆ. ಓರೆ ಎಷ್ಟು ಅಂತ ತಿಳಿಯಬೇಕಾದರೆ ಅಲಗನ್ನು ನೆಟ್ಟಗೆ ನಿಲ್ಲಿಸು, ಅದರ ಅರ್ಧಕ್ಕೆ ಬಾಗಿಸು, ಮತ್ತೆ ಅದರ ಅರ್ಧಕ್ಕೆ. ಸುಮಾರು 22 ಡಿಗ್ರಿ ಸಿಗುತ್ತದೆ. ಬೆಣ್ಣೆಯ ಮೇಲಿಂದ ತೆಳ್ಳಗೆ ಪದರ ತೆಗೆಯುವ ಹಾಗೆ ಮುಂದಕ್ಕೆ ಎಳೆ, ಜೋರು ಹಾಕಬೇಡ. ಒಂದು ಬದಿ ಹತ್ತು ಹದಿನೈದು ಸಲ ಎಳೆದ ಮೇಲೆ ಇನ್ನೊಂದು ಬದಿಯ ಅಂಚನ್ನು ಬೆರಳಿನಿಂದ ಒಳಗಿನಿಂದ ಹೊರಗೆ ಸವರು, ಕೂದಲೆಳೆಯಷ್ಟು ಒರಟು ತಾಗುತ್ತದೆ. ಅದು ಬಂದರೆ ಆ ಬದಿ ಮುಗಿಯಿತು. ಈಗ ಇನ್ನೊಂದು ಬದಿ. ಕೊನೆಗೆ ಚರ್ಮದ ಬೆಲ್ಟಿನ ಒಳಮೈ ಮೇಲೆ ಹಿಮ್ಮುಖವಾಗಿ ಇಪ್ಪತ್ತು ಸಲ. ಪೇಪರ್ ಹಿಡಿದು ಕೊಯ್ದು ನೋಡು, ಹರಿಯಬಾರದು, ಸದ್ದಿಲ್ಲದೆ ಕೊಯ್ಯಬೇಕು. ಸ್ಟೇನ್‌ಲೆಸ್ ಅಂತ ಒದ್ದೆ ಇಡಬೇಡ. ಬೆವರಿನ ಉಪ್ಪು ಕೀಲಿನೊಳಗೆ ಕೂತರೆ ಅದಕ್ಕೂ ತುಕ್ಕು ಬರುತ್ತದೆ.

ಚಿಕ್ಕೋಡಿ ಹವಾಲ್ದಾರ (ನಿವೃತ್ತ)

ಗ್ಲೌಸ್ ಪ್ರಶ್ನೆಗೆ ನಾನು ಹೇಳುತ್ತೇನೆ. ಪಯೋನಿಯರ್‌ನ ಓಪನರ್‌ಗಳನ್ನು ಎಳೆಯುವುದು ಅಲಗಿಗಿಂತ ಸುಲಭ, ತೆಳು ಗ್ಲೌಸ್ ಇದ್ದರೆ ಅಲಗೂ ಬರುತ್ತದೆ. ದಪ್ಪ ಹೊರ ಗ್ಲೌಸ್ ತೆಗೆದು ಒಳ ಗ್ಲೌಸ್‌ನಲ್ಲೇ ತೆರೆಯುವುದನ್ನು ಮನೆಯಲ್ಲೇ ಕಣ್ಣು ಮುಚ್ಚಿಕೊಂಡು ಅಭ್ಯಾಸ ಮಾಡು. ಚಾಕುವನ್ನು ಒಳ ಜೇಬಿನಲ್ಲಿ, ಮೈಗೆ ಹತ್ತಿರ ಇಡು. ಬೆಚ್ಚಗಿರುತ್ತದೆ, ಕೈಗೆ ಅಂಟುವುದಿಲ್ಲ.

ಚಾಕುವಿನ ತುದಿಯ ಬಳೆಗೆ ದಾರ ಕಟ್ಟು, ಇನ್ನೊಂದು ತುದಿ ಜೇಬಿನ ಗುಂಡಿಗೆ. ಹಿಮದಲ್ಲಿ ಬಿದ್ದ ಚಾಕು ಸಿಗುವುದಿಲ್ಲ. ಕೈ ಪೂರ್ತಿ ಚಾಚುವಷ್ಟು ಉದ್ದ ಇರಲಿ, ಅದಕ್ಕಿಂತ ಜಾಸ್ತಿ ಬೇಡ, ರೈಫಲ್‌ಗೆ ಸಿಕ್ಕಿಕೊಳ್ಳುತ್ತದೆ.

ಪಲ್ಟನ್ ತಲುಪಿದ ದಿನವೇ ಸೆಕ್ಷನ್ ಕಮಾಂಡರ್‌ಗೆ ತೋರಿಸು. ಕಪ್ಪು ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟು ಇನ್‌ಸ್ಪೆಕ್ಷನ್‌ನಲ್ಲಿ ಸಿಕ್ಕರೆ ಬೇರೆ ಅರ್ಥ ಬರುತ್ತದೆ. ಬೇಡ ಅಂದರೆ ಕೊಟ್ಟುಬಿಡು, ರಜೆಗೆ ಬರುವಾಗ ವಾಪಸ್ ಸಿಗುತ್ತದೆ.

ಬೈಲಹೊಂಗಲ ಹುಡುಗ

ಆಯಿತು ಕಾಕಾ. ಇವತ್ತು ಅವ್ವನ ಉಣ್ಣೆ ಗ್ಲೌಸ್ ಹಾಕಿಕೊಂಡು ಮೂವತ್ತು ಸಲ ತೆರೆದೆ. ಮೊದಲ ಹತ್ತು ಸಲ ಆಗಲೇ ಇಲ್ಲ, ಈಗ ಬರುತ್ತಿದೆ. ಮಾಮಾ ಬಂದಿದ್ದರು. ಅವರ ಚೂರಿ ಯಾಕೆ ಒಯ್ಯುವುದಿಲ್ಲ ಅಂತ ವಕೀಲರು ಹೇಳಿದ ಒಂಬತ್ತು ಇಂಚಿನ ಮಾತು ಹೇಳಿದೆ, ನೀಲಿ ಬಣ್ಣದ ಮಾತು ಎತ್ತಲಿಲ್ಲ. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ನನ್ನ ಹೊಸ ಚಾಕು ಕೇಳಿದರು. ಕೈಗೆ ಕೊಡಲು ಹೋದೆ, ಚಾಕು ಕೈಯಿಂದ ಕೈಗೆ ಕೊಡಬಾರದು, ನೆಲದ ಮೇಲಿಡು ಅಂದರು. ಇಟ್ಟೆ. ಎತ್ತಿಕೊಂಡು ಹೆಬ್ಬೆರಳಿನಿಂದ ಅಂಚು ನೋಡಿ, ತಮ್ಮ ಕಂಬಳಿಯ ಅಂಚಿನಿಂದ ಒಂದು ಕರಿ ದಾರ ಕೊಯ್ದು, ಅದನ್ನೇ ಹುರಿ ಮಾಡಿ ಚಾಕುವಿನ ಬಳೆಗೆ ಕಟ್ಟಿಕೊಟ್ಟರು. ಕೈ ಚಾಚಿ ನೋಡಿದೆ ಕಾಕಾ, ಉದ್ದ ಸರಿಯಾಗಿದೆ.